ಸಂಧಿವಾತದ ಕೈಗೆ ಸ್ಪರ್ಶ ಎಷ್ಟು ಉಳಿದಿದೆ? ಮನೆಯಲ್ಲೇ ನೋಡಿಕೊಳ್ಳುವ ಬಗೆ

"ಮಾತ್ರೆಗೆ ನೋವೇನೋ ಕಡಿಮೆ ಆಗಿದೆ, ಆದರೆ ಬೆರಳಿಗೆ ಏನು ಮುಟ್ಟಿದರೂ ಗೊತ್ತಾಗ್ತಾ ಇಲ್ಲ, ಇದೇನಿದು?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಸಲ, ಜುಲೈನಲ್ಲಿ ಮಳೆ ಹಿಡಿದಾಗ ಇನ್ನೊಂದು ಸಲ ತಪ್ಪದೆ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆಯುವ ಬದಲು ಎಲ್ಲ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಡಾಕ್ಟರ್ ಅಲ್ಲ. 11 ವರ್ಷದಿಂದ ಈ ಕಾಯಿಲೆ ಜೊತೆ ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯಲ್ಲಿ ಇರುವವಳು. ಈ ಲೇಖನದಲ್ಲಿ ಹೇಳಿದ್ದರಿಂದ ಕಾಯಿಲೆ ವಾಸಿ ಆಗುವುದಿಲ್ಲ. ಕೈಗೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅಂತ ಅರ್ಧ ಗಂಟೆಯಲ್ಲಿ ನೋಡಿ, ಒಂದು ಹಾಳೆಯಲ್ಲಿ ಗುರುತು ಹಾಕಿ, ಆ ಹಾಳೆಯನ್ನು ಡಾಕ್ಟರ್ ಮುಂದೆ ಇಡುವ ಕೆಲಸ ಇದು. ನೋವಿನ ಬಗ್ಗೆ ಅವರು ಕೇಳಿಯೇ ಕೇಳುತ್ತಾರೆ. ಜೋಮಿನ ಬಗ್ಗೆ ನಾವೇ ಬಾಯಿ ಬಿಡಬೇಕು. ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಮೈಸೂರಿಗೋ ಮಂಗಳೂರಿಗೋ ಹೋಗಿ, ಟೋಕನ್ ಹಿಡಿದು ಕಾದು, ಕೊನೆಗೆ ಹತ್ತು ನಿಮಿಷ ಸಿಕ್ಕಾಗ "ಕೈ ಒಂಥರಾ ಆಗ್ತದೆ ಡಾಕ್ಟ್ರೇ" ಅಂತ ಅಷ್ಟೇ ಹೇಳಿ ವಾಪಸ್ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ, ಅಲ್ವಾ?

ಶುರು ಮಾಡುವ ಮುಂಚೆ ನಾಲ್ಕು ಪದ

ಸಂಧಿವಾತ ಅಂತ ಇಲ್ಲಿ ಹೇಳುವುದು ಮುಖ್ಯವಾಗಿ ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಗಂಟುಗಳ ಒಳಪೊರೆಯ ಮೇಲೆ ಬೀಳುವ ಕಾಯಿಲೆ ಅದು. ಮಣಿಕಟ್ಟು, ಮುಷ್ಟಿ ಕಟ್ಟಿದಾಗ ಎದ್ದು ಕಾಣುವ ಗೆಣ್ಣು, ಬೆರಳ ನಡುಗಂಟು, ಇವು ಸಾಮಾನ್ಯವಾಗಿ ಎರಡೂ ಕೈಯಲ್ಲಿ ಊದುತ್ತವೆ. ಬೆಳಿಗ್ಗೆ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತದೆ. ವಯಸ್ಸಾದವರಿಗೆ ಬೆರಳ ತುದಿಯ ಗಂಟು ಉಬ್ಬುತ್ತದಲ್ಲ, ಅದು ಬೇರೆ, ಸವೆತದ ವಾತ. ಇನ್ನು ರುಮಟಾಯ್ಡ್ ಹಾಗೆಯೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಬರುವ ಲೂಪಸ್ ಮತ್ತು ಸ್ಕ್ಲೆರೋಡರ್ಮಾ ಎಂಬ ಎರಡು ಕಾಯಿಲೆ ಇವೆ. ಎರಡನೆಯದರಲ್ಲಿ ಚರ್ಮವೇ ದಪ್ಪವಾಗಿ ಬಿಗಿಯುತ್ತದೆ. ಇವರೆಲ್ಲರಿಗೂ ಈ ಲೇಖನ ಉಪಯೋಗಕ್ಕೆ ಬರುತ್ತದೆ.

ಜೋಮು ಅನ್ನುವ ಒಂದೇ ಪದದಲ್ಲಿ ನಾವು ಮೂರು ಸಂಗತಿ ಸೇರಿಸಿಬಿಡುತ್ತೇವೆ. ಇರುವೆ ಹರಿದ ಹಾಗೆ ಜುಮುಜುಮು ಅನ್ನುವುದು ಒಂದು. ಮುಟ್ಟಿದ್ದೇ ಗೊತ್ತಾಗದೆ ಮರಗಟ್ಟುವುದು ಇನ್ನೊಂದು. ಸುಮ್ನೆ ಬಟ್ಟೆ ತಾಗಿದರೂ ಉರಿಯುವುದು ಮೂರನೆಯದು. ಇವಕ್ಕೆ ಕಾರಣ ಬೇರೆ ಬೇರೆ ಇರಬಹುದು, ಆದ್ದರಿಂದ ಬೇರೆ ಬೇರೆಯಾಗಿಯೇ ಹೇಳಿ.

ಗಂಟಿನ ಕಾಯಿಲೆಗೂ ಸ್ಪರ್ಶಕ್ಕೂ ಏನು ಸಂಬಂಧ? ಒಂದು ಕೈಯ ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಸ್ಪರ್ಶದ ಸುದ್ದಿ ಒಯ್ಯುವ ಸುಮಾರು 17,000 ನರತಂತುಗಳಿವೆ. ಆ ಸುದ್ದಿ ಮೆದುಳು ಮುಟ್ಟಬೇಕಾದರೆ ಮಣಿಕಟ್ಟು, ಮೊಣಕೈ, ಕತ್ತು ದಾಟಬೇಕು. ಮೂರೂ ಗಂಟುಗಳಿರುವ ಜಾಗವೇ. ಅಲ್ಲೆಲ್ಲಾದರೂ ಊತ ಬಂದರೆ ನರ ಅಮುಕಿಹೋಗುತ್ತದೆ. ಗದ್ದೆಗೆ ಹೋಗುವ ತೋಡಿಗೆ ಮೇಲೆಲ್ಲೋ ಮರ ಬಿದ್ದರೆ ಕೆಳಗೆ ನೀರು ಬರುತ್ತದೆಯೇ? ಹಾಗೇ ಇದು. ಬೆರಳು ಸರಿಯಾಗಿಯೇ ಇರುತ್ತದೆ, ಅಡ್ಡ ಇರುವುದು ಮೇಲೆ. ನರ ಚೆನ್ನಾಗಿದ್ದು ರಕ್ತ ಸರಿಯಾಗಿ ಬಾರದೆ ಬೆರಳು ಮರಗಟ್ಟುವುದೂ ಉಂಟು, ಔಷಧಿಯಿಂದ ಆಗುವುದೂ ಉಂಟು. ಯಾವುದು ಅನ್ನುವುದಕ್ಕೆ ದೊಡ್ಡ ಸುಳಿವು ಕೊಡುವುದು ಜೋಮು ಹಿಡಿದಿರುವ ಜಾಗ. ಅದಕ್ಕೇ ಈ ನಕ್ಷೆ.

ಏನೇನು ಬೇಕು

ಬಿಳಿ ಹಾಳೆ ನಾಲ್ಕು. ಕೆಂಪು, ನೀಲಿ ಪೆನ್. ಹತ್ತಿ. ಒಂದು ಪೇಪರ್ ಕ್ಲಿಪ್, ಮಕ್ಕಳ ಸ್ಕೇಲ್. ಕಣ್ಣಿಗೆ ಕಟ್ಟಲು ಟವೆಲ್. ಎರಡು ಸ್ಟೀಲ್ ಲೋಟ. ಒಂದು ತಟ್ಟೆಯಲ್ಲಿ ಹತ್ತು ಸಣ್ಣ ಸಾಮಾನು: 1 ರೂಪಾಯಿ, 5 ರೂಪಾಯಿ ನಾಣ್ಯ, ಬೀಗದ ಕೈ, ಅಂಗಿ ಗುಂಡಿ, ಮುಚ್ಚಿದ ಪಿನ್ನು, ಏಲಕ್ಕಿ, ಒಂದು ಕಾಳು ಒಳ್ಳೆಮೆಣಸು, ಒಂದು ನಟ್ಟು, ಸಿಪ್ಪೆ ತೆಗೆದ ಹಸಿ ಕಾಫಿ ಬೀಜ ಎರಡು. ಬೀಜದಲ್ಲಿ ಒಂದು ಚಪ್ಪಟೆಯದು, ಇನ್ನೊಂದು ಪೀಬೆರಿ, ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆದು ಗುಂಡಗಾದ ಬೀಜ. ಜೊತೆಗೆ ತಾಳ್ಮೆ ಇರುವ ಒಬ್ಬರು ಬೇಕು. ಗಂಡನಿಗಿಂತ ಹೈಸ್ಕೂಲು ಓದುವ ಮಕ್ಕಳು ವಾಸಿ, ಇದು ನನ್ನ ಅನುಭವ.

ಹೊತ್ತು ನೋಡಿಕೊಳ್ಳಿ. ಬೆಳಗ್ಗೆ ಬೇಡ, ಬಿಗಿತ ಇರುತ್ತದೆ. ಕೊಯ್ಲಿಂದ ಬಂದ ಕೂಡಲೇ ಬೇಡ. ಪಾತ್ರೆ ತೊಳೆದ ಕೈಯಲ್ಲೂ ಬೇಡ. ತಣ್ಣಗಾದ ಕೈಯಲ್ಲಿ ಯಾರಿಗೂ ಸ್ಪರ್ಶ ಸರಿ ಸಿಗುವುದಿಲ್ಲ, ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಂತೂ ಕೇಳಲೇ ಬೇಡಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಕೈ ಬೆಚ್ಚಗಿದ್ದಾಗ ಕೂತುಕೊಳ್ಳಿ. ಉಂಗುರ, ಬಳೆ ತೆಗೆಯಿರಿ.

ಹಂತ 1: ಸುಮ್ನೆ ನೋಡಿ

ಬೆಳಕಿಗೆ ಕೈ ಹಿಡಿದು ನೋಡಿ. ಎಲ್ಲಿ ಆಯಿತೆಂದು ನೆನಪೇ ಇಲ್ಲದ ಗಾಯ, ಸುಟ್ಟ ಗುರುತು, ಗುಳ್ಳೆ ಇದೆಯಾ? ಇದ್ದರೆ ನೋವು ತಿಳಿಯದ ಜಾಗ ಅದು, ಬರೆದುಕೊಳ್ಳಿ. ನನಗೆ ಗೊತ್ತಾಗಿದ್ದೇ ಹಾಗೆ. ಅಕ್ಕಿ ರೊಟ್ಟಿಯನ್ನು ಕಾವಲಿ ಮೇಲೆ ಬೆರಳಲ್ಲೇ ತಿರುಗಿಸುವ ಅಭ್ಯಾಸ. ಒಂದು ದಿನ ರೊಟ್ಟಿಗಿಂತ ಮೊದಲು ಬೆರಳು ಸುಟ್ಟ ವಾಸನೆ ಬಂತು.

ಹೆಬ್ಬೆರಳಿನ ಬುಡದಲ್ಲಿ ಅಂಗೈ ಕಡೆ ಒಂದು ಮಾಂಸದ ದಿಬ್ಬ ಇದೆಯಲ್ಲ, ಎರಡೂ ಕೈಯಲ್ಲಿ ಅದನ್ನು ಅಕ್ಕಪಕ್ಕ ಇಟ್ಟು ನೋಡಿ. ಚಪ್ಪಟೆಯಾಗಿದ್ದರೆ, ಗುಳಿ ಬಿದ್ದಿದ್ದರೆ ನರ ತುಂಬಾ ದಿನದಿಂದ ಅಮುಕಿಕೊಂಡಿದೆ ಅಂತ ಅರ್ಥ. ಮುಂದಿನ ಹಂತ ಮಾಡುತ್ತಾ ಕೂರುವುದಕ್ಕಿಂತ ಡಾಕ್ಟರನ್ನು ಬೇಗ ನೋಡುವುದು ಮುಖ್ಯ.

ಹಂತ 2: ಕೈ ಬರೆಯಿರಿ

ಹಾಳೆ ಮೇಲೆ ಕೈ ಇಟ್ಟು ಸುತ್ತ ಗೆರೆ ಎಳೆಯಿರಿ. ಎಡಗೈ ಅಂಗೈ, ಎಡಗೈ ಹಿಂಬದಿ, ಬಲಗೈಗೂ ಹಾಗೇ ಎರಡು. ಬೆರಳು ಸೊಟ್ಟಗಿದ್ದು ಹಾಳೆ ಮೇಲೆ ಕೂರದಿದ್ದರೆ ಅಂದಾಜಿಗೆ ಬರೆದರೂ ಸಾಕು. ತಾರೀಕು ಹಾಕಿ. ಜುಮುಜುಮು ಇರುವಲ್ಲಿ ನೀಲಿ ಚುಕ್ಕೆ, ಮರಗಟ್ಟಿದಲ್ಲಿ ಕೆಂಪು ಅಡ್ಡಗೆರೆ, ಉರಿ ಇರುವಲ್ಲಿ ಕೆಂಪು ಚುಕ್ಕೆ. ಪಕ್ಕದಲ್ಲಿ ಯಾವಾಗ ಅಂತ ಬರೆಯಿರಿ. ರಾತ್ರಿ ಎಬ್ಬಿಸುತ್ತದೆಯಾ, ಫೋನ್ ಹಿಡಿದಾಗ ಬರುತ್ತದೆಯಾ, ತಣ್ಣೀರು ಮುಟ್ಟಿದಾಗಲಾ?

ಇಲ್ಲಿ ಎಲ್ಲರೂ ಮಾಡುವ ತಪ್ಪು "ಇಡೀ ಕೈ" ಅನ್ನುವುದು. ಇಡೀ ಕೈ ಅಂತ ಅನ್ನಿಸುವುದು ನಿಜ, ಆದರೆ ಕಿರುಬೆರಳನ್ನು ಬೇರೆಯಾಗಿ ಮುಟ್ಟಿ ನೋಡಿದರೆ ಅದು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಬೆರಳು ಬೆರಳಾಗಿ ನೋಡಿ.

ಹಂತ 3: ಹತ್ತಿ

ಕಣ್ಣು ಕಟ್ಟಿ. ಜೊತೆಯವರು ಹತ್ತಿಯ ಎಳೆಯನ್ನು ಚರ್ಮಕ್ಕೆ ತಾಗಿಸಬೇಕು, ಒರೆಸಬಾರದು. ಒಂದೊಂದು ಬೆರಳಿಗೆ ಮೂರು ಸಲ, ಹಿಂದುಮುಂದಾಗಿ. ತಾಗಿದಾಗ ನೀವು "ಹ್ಞೂಂ" ಅನ್ನಬೇಕು, ಯಾವ ಬೆರಳು ಅಂತಲೂ ಹೇಳಬೇಕು.

ಜೊತೆಯವರು "ಗೊತ್ತಾಯ್ತಾ? ಗೊತ್ತಾಯ್ತಾ?" ಅಂತ ಕೇಳಬಾರದು. ಕೇಳಿದರೆ ನಾವು ಹೌದು ಅಂದುಬಿಡುತ್ತೇವೆ, ಅದು ಮನುಷ್ಯ ಸ್ವಭಾವ. ಬಾಯಿ ಮುಚ್ಚಿಕೊಂಡು ಮುಟ್ಟಲಿ. ನಡುನಡುವೆ ಮುಟ್ಟದೇ ಸುಮ್ಮನಿರಲಿ, ಆಗಲೂ ನೀವು ಹ್ಞೂಂ ಅಂದರೆ ಆ ಸುತ್ತನ್ನು ಬಿಟ್ಟು ಮತ್ತೆ ಶುರು ಮಾಡಿ. ಗುದ್ದಲಿ, ಕತ್ತಿ ಹಿಡಿದು ಚರ್ಮ ಗಟ್ಟಿಯಾದ ಕಡೆ ಹತ್ತಿ ಗೊತ್ತಾಗದಿದ್ದರೆ ಗಾಬರಿ ಬೇಡ. ಆ ಜಾಗದ ಪಕ್ಕದ ಮೆತ್ತಗಿನ ಚರ್ಮದಲ್ಲಿ ನೋಡಿ.

ಇನ್ನೊಂದು ಮಾತು. ಬಲಗೈಯನ್ನು ಎಡಗೈಗೆ ಹೋಲಿಸಿ ನೋಡು ಅನ್ನುತ್ತಾರೆ. ಅಪಘಾತ ಆದವರಿಗೆ ಅದು ಸರಿ. ನಮ್ಮ ಕಾಯಿಲೆ ಎರಡೂ ಕೈ ಹಿಡಿಯುತ್ತದಲ್ಲ, ಹೋಲಿಸಲು ಚೆನ್ನಾಗಿರುವ ಕೈ ಎಲ್ಲಿಂದ ತರುವುದು? ಅದೇ ಕೈಯ ತೋರುಬೆರಳನ್ನು ಕಿರುಬೆರಳಿಗೆ ಹೋಲಿಸಿ. ವ್ಯತ್ಯಾಸ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹಂತ 4: ಒಂದೋ ಎರಡೋ

ಪೇಪರ್ ಕ್ಲಿಪ್ ಬಿಡಿಸಿ, ಎರಡು ತುದಿಗಳ ನಡುವೆ 5 ಮಿ.ಮೀ. ಅಂತರ ಬರುವ ಹಾಗೆ ಬಗ್ಗಿಸಿ. ಸ್ಕೇಲಲ್ಲಿ ಅಳೆಯಿರಿ. ತುದಿ ಚೂಪಿರಬಾರದು. ಕಣ್ಣು ಕಟ್ಟಿದವರ ಬೆರಳ ತುದಿಯ ಮೆತ್ತೆ ಮೇಲೆ, ಬೆರಳಿನ ಉದ್ದಕ್ಕೆ, ಒಮ್ಮೆ ಒಂದು ತುದಿ, ಒಮ್ಮೆ ಎರಡೂ ತುದಿ ತಾಗಿಸಿ. ಒತ್ತಡ ಕಡಿಮೆ ಇರಲಿ, ಚರ್ಮ ಬಿಳಿಚಬಾರದು. ಎರಡೂ ತುದಿ ಒಟ್ಟಿಗೇ ತಾಗಬೇಕು. ಹತ್ತು ಸಲ ಮಾಡಿ ಏಳು ಸಲ ಸರಿ ಹೇಳಿದರೆ ಪಾಸು. ಇಲ್ಲದಿದ್ದರೆ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಮತ್ತೆ ನೋಡಿ.

ಬೆರಳ ತುದಿಯಲ್ಲಿ 6 ಮಿ.ಮೀ.ಗಿಂತ ಕಡಿಮೆ ಅಂತರ ಗೊತ್ತಾದರೆ ಸಾಮಾನ್ಯ ಅಂತ ಲೆಕ್ಕ. 6 ರಿಂದ 10 ಮಂದ. ಅದಕ್ಕೂ ಜಾಸ್ತಿ ಬೇಕಾದರೆ ಚೆನ್ನಾಗಿಲ್ಲ. ಇದನ್ನೇ ಬೆನ್ನಿನ ಮೇಲೆ ಮಾಡಿದರೆ 3 ಸೆಂ.ಮೀ. ದೂರ ಇದ್ದರೂ ಒಂದೇ ಅನ್ನಿಸಬಹುದು, ಬೆರಳು ಅಷ್ಟು ಸೂಕ್ಷ್ಮ. ಜರ್ಮನಿಯ ವೆಬರ್ ಎಂಬ ವಿಜ್ಞಾನಿ 1834ರಲ್ಲೇ ಈ ಪರೀಕ್ಷೆ ಬಗ್ಗೆ ಬರೆದಿದ್ದ, ಈಗಲೂ ಆಸ್ಪತ್ರೆಗಳಲ್ಲಿ ಇದೇ ನಡೆಯುತ್ತದೆ. ವಯಸ್ಸಾದಂತೆ ಅಂತರ ಸ್ವಲ್ಪ ಹೆಚ್ಚುವುದು ಎಲ್ಲರಿಗೂ ಇದ್ದದ್ದೇ, 70 ದಾಟಿದವರು 7 ಬಂತು ಅಂತ ಕಂಗಾಲಾಗಬೇಡಿ. ಒಂದು ಬೆರಳಿಗೆ 5, ಪಕ್ಕದ್ದಕ್ಕೆ 10 ಬಂದರೆ ಮಾತ್ರ ಅದು ಸುದ್ದಿ.

ಹಂತ 5: ಕಾಫಿ ಬೀಜ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ತಟ್ಟೆಯ ಹತ್ತು ಸಾಮಾನನ್ನು ಒಂದೊಂದಾಗಿ ಎತ್ತಿ ಪಕ್ಕದ ಬಟ್ಟಲಿಗೆ ಹಾಕಿ, ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಕಟ್ಟಿ. ಎರಡಕ್ಕೂ ಎಷ್ಟು ಸೆಕೆಂಡ್ ಆಯಿತು ಅಂತ ಫೋನಿನಲ್ಲಿ ನೋಡಿ. ಸ್ವೀಡನ್ನಿನ ಕೈ ಶಸ್ತ್ರವೈದ್ಯ ಎರಿಕ್ ಮೋಬರ್ಗ್ 1958ರಲ್ಲಿ ವಿವರಿಸಿದ ಪರೀಕ್ಷೆ ಇದು. ಕಾಫಿ ಬೀಜ ಸೇರಿಸಿದ್ದು ಮಾತ್ರ ನಾನು.

ಸೆಕೆಂಡಿಗಿಂತ ಮುಖ್ಯವಾದದ್ದನ್ನು ಜೊತೆಯವರು ಗಮನಿಸಬೇಕು: ಕೈ ಯಾವ ಬೆರಳನ್ನು ಬಿಟ್ಟುಬಿಡುತ್ತಿದೆ? ಕಣ್ಣು ಬಿಟ್ಟಾಗ ಹೆಬ್ಬೆರಳು-ತೋರುಬೆರಳಲ್ಲಿ ಎತ್ತುತ್ತಿದ್ದವರು, ಕಣ್ಣು ಕಟ್ಟಿದ ಕೂಡಲೇ ತಮಗೇ ಗೊತ್ತಿಲ್ಲದೆ ಹೆಬ್ಬೆರಳಿಗೆ ಉಂಗುರಬೆರಳನ್ನೋ ಕಿರುಬೆರಳನ್ನೋ ಜೊತೆ ಮಾಡಿಕೊಂಡು ಎತ್ತುವುದನ್ನು ನೋಡಬಹುದು. ಜೋಮು ಹಿಡಿದ ಬೆರಳನ್ನು ಕೈ ನಂಬುವುದಿಲ್ಲ. ದಿನವಿಡೀ ಕಣ್ಣು ಅದಕ್ಕೆ ಸಹಾಯ ಮಾಡುತ್ತಿರುತ್ತದೆ, ಅದಕ್ಕೇ ನಮಗೆ ಇಷ್ಟು ದಿನ ಗೊತ್ತಾಗಿರುವುದಿಲ್ಲ. ಕತ್ತಲಲ್ಲಿ, ಚೀಲದೊಳಗೆ, ಬೆನ್ನ ಹಿಂದೆ ಹುಕ್ ಹಾಕುವಾಗ ಮಾತ್ರ ಸೋಲುತ್ತದೆ.

ಈಗ ಕಣ್ಣು ಕಟ್ಟಿಕೊಂಡೇ ಎರಡು ಬೀಜ ಕೈಗೆ ತೆಗೆದುಕೊಳ್ಳಿ. ಚಪ್ಪಟೆ ಬೀಜದ ಒಂದು ಮೈ ಮಟ್ಟಸ, ಅದರ ನಡುವೆ ಉದ್ದಕ್ಕೆ ಒಂದು ಸೀಳು. ಆ ಸೀಳಿನ ಮೇಲೆ ತೋರುಬೆರಳ ತುದಿಯನ್ನು ನಿಧಾನ ಎಳೆದರೆ ಅದು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳಬಲ್ಲಿರಾ? ಯಾವುದು ಪೀಬೆರಿ? ಕಣದಲ್ಲಿ ಕೂತು ವರ್ಷಗಟ್ಟಲೆ ಬೀಜ ಆರಿಸಿದ ಕೈಗೆ ಇದು ಉಸಿರಾಡಿದಷ್ಟು ಸಲೀಸು. ಸೀಳು ಸಿಗಲೇ ಇಲ್ಲ ಅಂದರೆ ಆ ಬೆರಳಿನ ಮೇಲೆ ಹಾಳೆಯಲ್ಲಿ ಗುರುತು ಹಾಕಿ. ಅದೇ ಬೀಜವನ್ನು ಕಿರುಬೆರಳಿಂದಲೂ ನೋಡಿ.

ಎಚ್ಚರ: ಬೆರಳು ಮಡಚಲಾಗದೆ ಸೋತರೆ ಅದನ್ನು ಸ್ಪರ್ಶದ ಲೆಕ್ಕಕ್ಕೆ ಹಾಕಬೇಡಿ. ಊತ ಜಾಸ್ತಿ ಇದ್ದ ದಿನ ಸಾಮಾನನ್ನು ಜೊತೆಯವರೇ ಬೆರಳ ತುದಿಗಳ ನಡುವೆ ಇಡಲಿ, ನೀವು ಏನು ಅಂತ ಹೇಳಿದರೆ ಸಾಕು.

ಹಂತ 6: ಬಿಸಿ, ತಣ್ಣಗೆ

ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು. ಲೋಟದ ಹೊರಮೈಯನ್ನು ಬೆರಳಿಗೆ ತಾಗಿಸಿ ಯಾವುದು ಯಾವುದು ಅಂತ ಕೇಳಬೇಕು. ಬೆಚ್ಚಗಿನ ನೀರನ್ನು ಜೊತೆಯವರು ತಮ್ಮ ಕೈಯಲ್ಲಿ ನೋಡಿರಬೇಕು. ಬಿಸಿ ಬಿಸಿ ನೀರು ಬೇಡವೇ ಬೇಡ. ಗೊತ್ತಾಗದ ಕೈಗೆ ಬಿಸಿ ಇಟ್ಟು ಪರೀಕ್ಷೆ ಮಾಡಿದರೆ ಗುಳ್ಳೆ ಏಳುತ್ತದೆ ಅಷ್ಟೇ.

ಹಂತ 7: ನಕ್ಷೆ ಓದಿ

ಇಲ್ಲಿ ನಿಧಾನಿಸಿ. ಹಾಳೆಯ ಮೇಲಿನ ಕೆಂಪು-ನೀಲಿ ಯಾವ ಆಕಾರದಲ್ಲಿದೆ ನೋಡಿ.

ಹೆಬ್ಬೆರಳು, ತೋರು, ನಡು ಮತ್ತು ಉಂಗುರಬೆರಳಿನ ಅರ್ಧ. ನಮ್ಮಲ್ಲಿ ಹೆಚ್ಚು ಕಾಣುವುದು ಇದೇ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ಬೆರಳು ಮಡಚುವ ಒಂಬತ್ತು ಹುರಿಗಳೂ ಒಂದು ನರವೂ ಅದರೊಳಗೇ ಹೋಗಬೇಕು. ಹುರಿಗಳ ಸುತ್ತಲಿನ ಪೊರೆ ವಾತದಿಂದ ಊದಿದರೆ ಮೆತ್ತಗಿರುವ ನರ ಒತ್ತಿಹೋಗುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ರಾತ್ರಿ ಎರಡು ಮೂರಕ್ಕೆ ಎಚ್ಚರ ಆಗಿ, ಕೈಯನ್ನು ಥರ್ಮಾಮೀಟರ್ ಕೊಡವಿದ ಹಾಗೆ ಕೊಡವಿದರೆ ಸರಿಹೋಗುತ್ತದೆಯಾ? ಬಹುಪಾಲು ಇದೇ. ಉಂಗುರಬೆರಳಿನಲ್ಲಿ ನಡುಬೆರಳ ಕಡೆಯ ಅರ್ಧಕ್ಕೆ ಜೋಮು, ಕಿರುಬೆರಳ ಕಡೆಯ ಅರ್ಧ ಚೆನ್ನಾಗಿದೆ ಅಂದರೆ ಇನ್ನೂ ಗಟ್ಟಿ ಸುಳಿವು. ಅಂಗೈಯಲ್ಲಿ ಹೆಬ್ಬೆರಳ ದಿಬ್ಬದ ಚರ್ಮಕ್ಕೆ ಮಾತ್ರ ಸ್ಪರ್ಶ ಇರುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ಕವಲು ಸುರಂಗದ ಹೊರಗೇ ಹೋಗುತ್ತದೆ. ಥೈರಾಯ್ಡ್ ಕಡಿಮೆ ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ವಾತ ಇಲ್ಲದೆಯೂ ಇದು ಬರುತ್ತದೆ.

ಕಿರುಬೆರಳು ಮತ್ತು ಉಂಗುರಬೆರಳಿನ ಇನ್ನೊಂದು ಅರ್ಧ. ಇದು ಬೇರೆ ನರ. ಮೊಣಕೈ ತಾಗಿದರೆ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದೇ. ಹಿಂಗೈಯಲ್ಲೂ ಕಿರುಬೆರಳ ಕಡೆ ಜೋಮು ಇದ್ದರೆ ಅಡ್ಡಿ ಇರುವುದು ಮಣಿಕಟ್ಟಿಗಿಂತ ಮೇಲೆ, ಹೆಚ್ಚಾಗಿ ಮೊಣಕೈಯಲ್ಲಿ. ಮೊಣಕೈ ಊರಿ ಕೂರುವುದು, ಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವುದು ಬಿಡಿ.

ಎರಡೂ ಕೈಯ ಎಲ್ಲ ಬೆರಳ ತುದಿ, ಜೊತೆಗೆ ಪಾದ. ಗ್ಲೌಸ್, ಸಾಕ್ಸ್ ಹಾಕಿದ ಆಕಾರ. ಸಾಮಾನ್ಯವಾಗಿ ಪಾದದಲ್ಲಿ ಮೊದಲು ಶುರು. ಸಕ್ಕರೆ, ಬಿ12 ಕೊರತೆ, ಕುಡಿತ, ಅಥವಾ ಔಷಧಿ. ವಾತಕ್ಕೆ ಕೊಡುವ ಲೆಫ್ಲುನೊಮೈಡ್ ಕೆಲವರಲ್ಲಿ ನರಕ್ಕೆ ತೊಂದರೆ ಕೊಡುತ್ತದೆ. ಸಕ್ಕರೆಗೆ ತುಂಬಾ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಬಣ್ಣ ಬದಲಾಗುವ ಜೋಮು. ತಣ್ಣೀರು ಮುಟ್ಟಿದರೆ, ಮಂಜಲ್ಲಿ ಹೊರಗೆ ಹೋದರೆ ಬೆರಳು ಬಿಳಿಚಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುತ್ತದೆ. ಇದು ರೇನೋಡ್ಸ್, ರಕ್ತನಾಳ ಮುದುಡಿಕೊಳ್ಳುವ ತೊಂದರೆ. ಲೂಪಸ್, ಸ್ಕ್ಲೆರೋಡರ್ಮಾ ಇರುವವರಲ್ಲಿ ಜಾಸ್ತಿ. ಕಪ್ಪು ಮೈಬಣ್ಣದವರಿಗೆ ಅಷ್ಟು ಎದ್ದು ಕಾಣುವುದಿಲ್ಲ, ಉಗುರಿನ ಬಣ್ಣ ನೋಡಿ. ಡಾಕ್ಟರ್ ಹತ್ತಿರ ಹೋದಾಗ ಬೆರಳು ಸರಿಯಾಗಿಯೇ ಇರುತ್ತದೆ, ಆದ್ದರಿಂದ ಆದಾಗಲೇ ಫೋಟೋ ತೆಗೆದಿಡಿ. ಸಿಗರೇಟ್, ಬೀಡಿ ಇದನ್ನು ಕೆಡಿಸುತ್ತದೆ. ಬಿಪಿಯ ಕೆಲವು ಮಾತ್ರೆ, ಕಟ್ಟಿದ ಮೂಗು ಬಿಡಿಸುವ ಕೆಲವು ಮಾತ್ರೆಯೂ ಅಷ್ಟೇ.

ತಿಳಿಬಣ್ಣದ ಅಥವಾ ಕೆಂಪಗಿನ ಮಚ್ಚೆ, ಅದರ ಮೇಲೆ ಮಾತ್ರ ಸ್ಪರ್ಶ ಇಲ್ಲ. ವಾತದ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಕುಷ್ಠವೇ ಅಂತ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಶುರು ಮಾಡಿದರೆ ಪೂರ್ತಿ ಗುಣ ಆಗುತ್ತದೆ. ಮುಚ್ಚಿಡುವುದೇ ದೊಡ್ಡ ತಪ್ಪು.

ಹಂತ 8: ಇವಿದ್ದರೆ ಕಾಯಬೇಡಿ

ಮುಂದಿನ ಅಪಾಯಿಂಟ್‌ಮೆಂಟ್ ಬರಲಿ, ಕೊಯ್ಲು ಮುಗಿಯಲಿ, ಹುತ್ತರಿ ಹಬ್ಬ ಕಳೆಯಲಿ ಅಂತ ಯಾವುದೂ ಬೇಡ.

ಮಣಿಕಟ್ಟು ಅಥವಾ ಪಾದ ಇದ್ದಕ್ಕಿದ್ದ ಹಾಗೆ ಜೋತುಬಿದ್ದು ಎತ್ತಲಾಗದಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ನರಕ್ಕೆ ರಕ್ತ ಕೊಡುವ ನಾಳವೇ ಉರಿಯೂತಕ್ಕೆ ಸಿಕ್ಕಿರಬಹುದು. ಬೆರಳ ತುದಿ ಕಪ್ಪಾಗಿ ಅಥವಾ ನೀಲಿಯಾಗಿ ಬೆಚ್ಚಗಾದ ಮೇಲೂ ವಾಪಸ್ ಬರದಿದ್ದರೂ ಆವತ್ತೇ.

ಮೂರನೆಯದು ಕತ್ತು. ಎರಡೂ ಕೈಗೆ ಜೋಮು, ಗುಂಡಿ ಹಾಕಲು ತಡವರಿಕೆ, ನಡೆಯುವಾಗ ಕಾಲು ಎಲ್ಲೋ ಇಟ್ಟ ಹಾಗೆ, ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೆ ಕರೆಂಟ್ ಹರಿದ ಹಾಗೆ. ಹಳೆಯ ರುಮಟಾಯ್ಡ್‌ನಲ್ಲಿ ಕತ್ತಿನ ಮೊದಲ ಎರಡು ಮೂಳೆಗಳನ್ನು ಹಿಡಿದಿಟ್ಟ ಕಟ್ಟು ಸಡಿಲ ಆಗಿ ಮೂಳೆ ಜರುಗುವುದುಂಟು, ಅದು ಬೆನ್ನುಹುರಿಯನ್ನೇ ಒತ್ತುತ್ತದೆ. ಅದಕ್ಕೇ ಕ್ಷೌರದಂಗಡಿಯಲ್ಲಿ ಕೊನೆಗೆ ಕತ್ತು ಹಿಡಿದು ಲಟಕ್ ಅನ್ನಿಸುತ್ತಾರಲ್ಲ, ನಮ್ಮ ಕಾಯಿಲೆಯವರು ಅದಕ್ಕೆ ಕತ್ತು ಕೊಡಲೇಬಾರದು. ಎಣ್ಣೆ ಹಚ್ಚಿ ಕತ್ತು ತಿರುಚುವವರಿಗೂ ಅಷ್ಟೇ. ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವ ಮುಂಚೆ "ನನಗೆ ರುಮಟಾಯ್ಡ್ ಇದೆ, ಕತ್ತು ನೋಡಿ" ಅಂತ ಬಾಯಿಬಿಟ್ಟು ಹೇಳಿ.

ಹಂತ 9: ಡಾಕ್ಟರ್ ಹತ್ತಿರ

ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ವಾತರೋಗ ತಜ್ಞರನ್ನು, ಅಂದರೆ ರುಮಟಾಲಜಿಸ್ಟ್‌ರನ್ನು ಕಾಣಲು ಬಹುತೇಕ ಮಂದಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೇ ಹೋಗುವುದು. ಒಳಗೆ ಹೋದ ಕೂಡಲೇ ಹಾಳೆ ಮೇಜಿನ ಮೇಲೆ ಇಡಿ. ತಿನ್ನುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ಜೊತೆಗಿರಲಿ, ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಪುಡಿ ಇದ್ದರೆ ಅದೂ. ನಾಚಿಕೊಂಡು ಮುಚ್ಚಿಡಬೇಡಿ, ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹೊಸ ಸುದ್ದಿಯೇನಲ್ಲ.

ಅವರು ನೈಲಾನ್ ಎಳೆಯನ್ನು ಚರ್ಮಕ್ಕೆ ಒತ್ತಿ ನೋಡಬಹುದು, ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ಬಿ12 ಬರೆಯಬಹುದು, ನರ್ವ್ ಕಂಡಕ್ಷನ್ ಎಂಬ ಪರೀಕ್ಷೆ ಹೇಳಬಹುದು. ಕೊನೆಯದರಲ್ಲಿ ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಸುದ್ದಿ ಎಷ್ಟು ಬೇಗ ಹೋಗುತ್ತದೆ ಅಂತ ಅಳೆಯುತ್ತಾರೆ. ಚುರುಕ್ ಅನ್ನುತ್ತದೆ, ಸಹಿಸಬಹುದು.

ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನದ್ದು. ಕೈ ಜೋಮು ಕಡಿಮೆ ಆಗಲಿ ಅಂತ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಮೆಡಿಕಲ್ ಶಾಪಿನಿಂದ ನರದ ಮಾತ್ರೆ ಅಂತ ನೀವೇ ತಂದು ತಿಂಗಳುಗಟ್ಟಲೆ ನುಂಗುವುದೂ ಬೇಡ. ಅವುಗಳಲ್ಲಿ ಎಷ್ಟೋ ಮಾತ್ರೆಗಳಲ್ಲಿ ಬಿ6 ಇರುತ್ತದೆ, ಬಿ6 ಅತಿಯಾದರೆ ಅದೇ ಜೋಮು ತರುತ್ತದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

ಕಾರ್ಪಲ್ ಟನಲ್ ಅಂತಾದರೆ ರಾತ್ರಿ ಹೊತ್ತು ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಕೊಡುತ್ತಾರೆ. ಬಿಗಿ ಕಟ್ಟಬೇಡಿ, ಕೆಲವು ವಾರ ಬಿಡದೆ ಹಾಕಿ. ಎರಡು ರಾತ್ರಿ ಹಾಕಿ ಪ್ರಯೋಜನ ಇಲ್ಲ ಅಂತ ಮೂಲೆಗೆ ಎಸೆದವರನ್ನು ನೋಡಿದ್ದೇನೆ. ಅವರಲ್ಲಿ ಒಬ್ಬಳು ನಾನೇ. ಊತ ಇಳಿಸುವ ವಾತದ ಔಷಧಿ, ಇಂಜೆಕ್ಷನ್, ಕೊನೆಗೆ ಸಣ್ಣ ಆಪರೇಷನ್, ಇವನ್ನೆಲ್ಲ ಡಾಕ್ಟರ್ ತೀರ್ಮಾನಿಸುತ್ತಾರೆ.

ಹಂತ 10: ಮನೆ, ತೋಟ, ಮಳೆ

ಒಲೆ ಮುಂದೆ ಬೆರಳನ್ನು ನಂಬಬೇಡಿ. ರೊಟ್ಟಿಗೆ ಸಟ್ಟುಗ, ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸುವ ಪಾತ್ರೆ ಇಳಿಸಲು ದಪ್ಪ ಬಟ್ಟೆ. ಮುಚ್ಚಳವನ್ನು ನಿಮ್ಮಿಂದ ಆಚೆ ಕಡೆಗೆ ತೆರೆಯಿರಿ, ಹಬೆ ಸುಟ್ಟದ್ದು ತಡವಾಗಿ ತಿಳಿಯುತ್ತದೆ. ಹಂಡೆ ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿ. ಮೊಣಕೈ ಹತ್ತಿರವೂ ಜೋಮಿದ್ದರೆ ಬೇರೆಯವರು ನೋಡಲಿ. ಚಳಿಗೆ ಬೆಂಕಿ ಕಾಯಿಸುವಾಗ ಕೈ ಮುಂದೆ ಚಾಚಿ ಕೂರುತ್ತೇವಲ್ಲ, ಮರಗಟ್ಟಿದ ಬೆರಳಿಗೆ ಅದು ಅಪಾಯ. ರೇನೋಡ್ಸ್ ಇರುವವರು ಬೆರಳಿಗಿಂತ ಮೊದಲು ಎದೆ, ತಲೆ, ಕಿವಿ ಬೆಚ್ಚಗಿಡಿ. ಮೈ ಬೆಚ್ಚಗಿದ್ದರೆ ರಕ್ತ ತಾನಾಗಿ ಬೆರಳಿಗೆ ಬರುತ್ತದೆ. ಬಿಸಿನೀರಿನ ಚೀಲ ನೇರವಾಗಿ ಕೈಗೆ ಇಡಬೇಡಿ.

ಸ್ಪರ್ಶ ಮಂದ ಆದ ಕೈ ಎಲ್ಲವನ್ನೂ ಬೇಕಾದ್ದಕ್ಕಿಂತ ಗಟ್ಟಿ ಹಿಡಿಯುತ್ತದೆ. ಜಾರುತ್ತದೋ ಇಲ್ಲವೋ ಅಂತ ತಿಳಿಯದೆ ಅಮುಕಿಕೊಳ್ಳುತ್ತದೆ. ಸಂಜೆ ಗಂಟು ನೋಯುವುದಕ್ಕೆ ಇದೂ ಒಂದು ಕಾರಣ. ಸೌಟು, ಕತ್ತಿ, ಬಾಚಣಿಗೆ, ಪೆನ್ನಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ, ಒರಟು ಮಾಡಿ. ಖರ್ಚಿಲ್ಲ. ಕಾಫಿ ಕೊಯ್ಯುವಾಗ ಅರ್ಧ ಗಂಟೆಗೊಮ್ಮೆ ಕೈ ಕೆಳಗಿಟ್ಟು ಬೆರಳು ಬಿಡಿಸಿ. ಒಳ್ಳೆಮೆಣಸು ಕೊಯ್ಯಲು ಬಿದಿರೇಣಿ ಹತ್ತುವುದು ಮಾತ್ರ ಬಿಟ್ಟೇಬಿಡಿ. ಹಿಡಿತ ಗೊತ್ತಾಗದ ಕೈಯಲ್ಲಿ ಒಂಟಿ ಏಣಿ, ನೆನೆದರೇ ಭಯ.

ಮಳೆಗಾಲದಲ್ಲಿ ಹತ್ತಿಯ ಗ್ಲೌಸ್ ಒಳಗೆ, ರಬ್ಬರಿನದು ಮೇಲೆ, ಎರಡೂ ಸಡಿಲ. ಒಳಗಿನದು ಒದ್ದೆಯಾದ ಕೂಡಲೇ ಬದಲಿಸಿ, ಇನ್ನೊಂದು ಜೊತೆ ಒಲೆ ಮೇಲೆ ಒಣಗುತ್ತಿರಲಿ. ಸಂಜೆ ಜಿಗಣೆ ನೋಡಲು ಕಾಲು ಬಿಡಿಸಿ ಕೂರುತ್ತೀರಲ್ಲ, ಆಗಲೇ ಕೈಯನ್ನೂ ಬೆಳಕಿಗೆ ಹಿಡಿದು ಮುಳ್ಳು, ಸೀಳು, ಗಾಯ ನೋಡಿಬಿಡಿ. ಅಡುಗೆಗೆ ಹಾಕುವ ಹುಳಿ ರಸ ಕಾಚಂಪುಳಿ ತಾಗಿಯೂ ಉರಿಯದ ಗಾಯ ಇದ್ದರೆ ಆ ಬೆರಳನ್ನು ಹಾಳೆಗೆ ಸೇರಿಸಿ.

ಮೂರು ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅದೇ ಕ್ಲಿಪ್ಪಿನಲ್ಲಿ ಮತ್ತೆ ಮಾಡಿ. ಔಷಧಿ ಬದಲಾದರೆ ಮುಂಚೆ ಒಂದು, ಆರು ವಾರ ಕಳೆದು ಒಂದು. ಹಳೆ ಹಾಳೆ ಬಿಸಾಡಬೇಡಿ, ಹೊಸದರ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಾತ್ರೆ ಡಬ್ಬಿಯಲ್ಲೇ ಇಡಿ. ಸುಮ್ನೆ ಕಪಾಟಿನಲ್ಲಿಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಯಾವುದು ಪೆನ್ನಿನ ಚುಕ್ಕೆ, ಯಾವುದು ಬೂಷ್ಟು ಅಂತ ಗೊತ್ತಾಗುವುದಿಲ್ಲ.